ತಣ್ಣಜ್ಜಿಯ ಮೈಮೇಲೆ ಹೊನ್ನಿಯ ಕೈ

ನಮ್ಮೂರಲ್ಲಿ ಊರಿನ ವಿಷಯ ಮಾತಾಡುವವರು ಆಲಿಕಲ್ಲಿನ ಮೇಲೆ ಅಂಗೈ ಊರಿಕೊಂಡೇ ಮಾತಾಡಬೇಕು. ಕೈ ತೆಗೆದರೆ ಮಾತು ಮುಗಿಯಿತು. ಅದಕ್ಕೇ ನಮ್ಮಲ್ಲಿ ಭಾಷಣಗಳು ಚಿಕ್ಕವು. ವಕೀಲ ಪಾಲಾಕ್ಷಯ್ಯನವರು ಕೋರ್ಟಿನಲ್ಲಿ ಅರ್ಧ ದಿನ ವಾದ ಮಾಡುತ್ತಾರಂತೆ, ಇಲ್ಲಿ ನಾಲ್ಕು ಮಾತಿಗೇ ಅವರ ತುಟಿ ನೀಲಿಯಾಗುತ್ತದೆ. ಕಮ್ಮಾರರು, ಅಗಸರು, ಮಂಡಕ್ಕಿ ಭಟ್ಟಿಯವರಾದ ನಾವು ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತೇವೆ. ನಮ್ಮ ಅಂಗೈ ದಪ್ಪ.

ಆಲಿಕಲ್ಲು ಊರ ನಡುವಿನ ಕಲ್ಲುಮನೆಯಲ್ಲಿದೆ. ಎರಡು ಎತ್ತಿನ ಗಾಡಿ ಒಟ್ಟಿಗೆ ನಿಲ್ಲಿಸಿದಷ್ಟು ದೊಡ್ಡದು. ಎಂದು ಬಿತ್ತೋ ಯಾರಿಗೂ ಗೊತ್ತಿಲ್ಲ. ಜನ ಅದನ್ನು ತಣ್ಣಜ್ಜಿ ಎನ್ನುತ್ತಾರೆ. ಹೂವಿನವರು ಮಲ್ಲಿಗೆ ದಂಡೆಗಳನ್ನು ಅದರ ಬುಡದಲ್ಲಿಡುತ್ತಾರೆ, ಗೌಳಿಗರು ಬೆಣ್ಣೆ ಇಡುತ್ತಾರೆ. ಬೇಸಿಗೆಯಲ್ಲಿ ತುಂಬು ಬಸುರಿಯರು ಅಲ್ಲೇ ಗೋಡೆಗೆ ಒರಗಿ ಮಧ್ಯಾಹ್ನ ಕಳೆಯುತ್ತಾರೆ. ಮಗುವಿಗೆ ಮೂರು ತಿಂಗಳು ತುಂಬಿದ ದಿನ ಅದರ ಅಂಗೈಯನ್ನು ತಣ್ಣಜ್ಜಿಯ ಮೈಗೆ ಒತ್ತುತ್ತಾರೆ. ಮಗು ಚಿಟ್ಟನೆ ಚೀರುತ್ತದೆ, ಐದು ಬೆರಳಿನ ಗುಳಿ ಬೀಳುತ್ತದೆ. ಆ ಗುರುತು ಅವರದೇ. ದೊಡ್ಡವರಾದ ಮೇಲೆ ಸಭೆಯಲ್ಲಿ ಮಾತಾಡುವಾಗ ಅದರ ಮೇಲೇ ಕೈ ಇಡಬೇಕು. ಹಿಂದೆಲ್ಲ ಮಾತಾಡಿದವರ ಕೈ ಬಿಸಿಗೆ ಎಷ್ಟು ಕರಗುತ್ತಿತ್ತೋ ಅಷ್ಟು ಬೆಳಗಾಗುವುದರೊಳಗೆ ಮತ್ತೆ ಹೆಪ್ಪುಗಟ್ಟಿ, ಮಗುವಿನ ಗುರುತು ಇದ್ದ ಹಾಗೇ ಇರುತ್ತಿತ್ತು.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನನ್ನ ಹೆಸರು ಹಾಲವ್ವ. ಹೊರಗಿನಿಂದ ಬಂದ ಹೆಂಗಸರಿಗೆ ತಣ್ಣಜ್ಜಿಯ ಮೇಲೆ ಸ್ವಂತ ಗುರುತಿರುವುದಿಲ್ಲ. ಗಂಡನದೋ ಮಕ್ಕಳದೋ ಗುರುತಿನ ಮೇಲೆ ಕೈ ಇಟ್ಟು ಮಾತಾಡಬಹುದು. ನನ್ನ ಗಂಡ ಮೈಲಾರಪ್ಪ ತೀರಿಕೊಂಡು ಆರು ವರ್ಷವಾಯಿತು. ಅವನ ಗುರುತು ಮೇಲ್ಭಾಗದಲ್ಲಿತ್ತು, ಅವನು ಹೋಗುವ ಮೊದಲೇ ಕರಗಿಹೋಗಿತ್ತು. ಉಳಿದದ್ದು ಒಂದೇ. ಬಡಗಣ ಮಗ್ಗುಲಲ್ಲಿ, ನನ್ನ ಸೊಂಟದ ಎತ್ತರದಲ್ಲಿ, ನನ್ನ ಮಗಳು ಹೊನ್ನಿಯದು. ಹೊನ್ನಿ ನಾಲ್ಕು ವರ್ಷ ಬದುಕಿದ್ದಳು. ಜ್ವರ ಬಂದಾಗ ಮೂರು ದಿನ ಅವಳನ್ನು ತಣ್ಣಜ್ಜಿಯ ಪಕ್ಕದಲ್ಲೇ ಮಲಗಿಸಿಕೊಂಡಿದ್ದೆ. ಜ್ವರ ಇಳಿಯಲಿಲ್ಲ. ಆಗ ನಮ್ಮ ಮನೆಯಲ್ಲಿ ಫೋಟೋ ತೆಗೆಸುವ ರೂಢಿ ಇರಲಿಲ್ಲ. ಅವಳು ಇದ್ದಳು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಆ ಐದು ಬೆರಳು.

ಆದ್ದರಿಂದ ಇಷ್ಟು ವರ್ಷ ನಾನು ಸಭೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆ ಗುರುತಿನ ಮೇಲೆ ಕೈ ಇಡಲು ಮನಸ್ಸು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಿ ಸೆರಗಿನ ತುದಿಯಿಂದ ಸುತ್ತಲಿನ ಮಸಿ ಒರೆಸಿ ಬರುತ್ತಿದ್ದೆ.

ಮಸಿಯ ಮಾತೂ ಹೇಳಬೇಕು. ತಣ್ಣಜ್ಜಿಯನ್ನು ಕಾಯುವವರು ಈರಭದ್ರಜ್ಜ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅದರ ಮೈ ಒರೆಸುತ್ತಾರೆ, ಬಟ್ಟೆ ಕಪ್ಪಾಗುತ್ತದೆ. ಯುಗಾದಿಯ ದಿನ ಅದರ ಸುತ್ತ ಒಂದು ನೂಲು ಸುತ್ತಿ, ತುದಿ ಕೂಡಿದಲ್ಲಿ ಕತ್ತರಿಸಿ, ಗೋಡೆಯ ಗೂಟಕ್ಕೆ ನೇತು ಹಾಕುತ್ತಾರೆ. ಅವರ ಅಪ್ಪ, ಅಜ್ಜ, ಮುತ್ತಜ್ಜ ಕತ್ತರಿಸಿದ ನೂಲುಗಳೂ ಅಲ್ಲೇ ಇವೆ. ಹಳೆಯವೆಲ್ಲ ಹದಿನೆಂಟು ಮೊಳ, ಬೆರಳು ಹೆಚ್ಚು, ಬೆರಳು ಕಡಿಮೆ. ಮೂರು ವರ್ಷದ ಹಿಂದೆ ನೋಡಿದಾಗ, ಆಮೇಲಿನ ಮೂವತ್ತು ನೂಲುಗಳು ಒಂದಕ್ಕಿಂತ ಒಂದು ಗಿಡ್ಡವಾಗಿದ್ದವು. ಕೊನೆಯದು ಹದಿನೈದು ಮೊಳ, ಹಿಂದಿನ ವರ್ಷಕ್ಕಿಂತ ಪೂರಾ ಒಂದು ಗೇಣು ಕಡಿಮೆ. ಕರಗಿದ್ದು ಈಗ ಮತ್ತೆ ಹೆಪ್ಪುಗಟ್ಟುತ್ತಿರಲಿಲ್ಲ.

ಏಕೆ ಕರಗುತ್ತಿದೆ ಅನ್ನುವುದರ ಮೇಲೆ ಆ ವರ್ಷ ಸಭೆಗಳು ಶುರುವಾದವು. ಮೊದಲು ತಿಂಗಳಿಗೊಂದು, ಆಮೇಲೆ ಸೋಮವಾರಕ್ಕೊಂದು, ಕೊನೆಗೆ ದಿನ ಬಿಟ್ಟು ದಿನ.

ಇಟ್ಟಿಗೆ ಗೂಡುಗಳ ಯಜಮಾನ ಗುರುಶಾಂತಪ್ಪನವರು ಎಲ್ಲರಿಗಿಂತ ಹೆಚ್ಚು ಮಾತಾಡಿದವರು. ಮಾತಾಡೀ ಮಾತಾಡೀ ಅವರ ಗುರುತು ಇದ್ದ ಜಾಗ ಬಿಲವಾಗಿತ್ತು. ಮೊಣಕೈವರೆಗೆ ತೋಳು ತೂರಿಸಿಕೊಂಡು ನಿಲ್ಲುತ್ತಿದ್ದರು.

"ನೂಲು ನೂಲು ಅಂತೀರಿ. ಹಳೇ ನೂಲು ಜಗ್ಗುತ್ತೆ ಕಣ್ರಪ್ಪ. ಅದಕ್ಕೇ ಉದ್ದ ಕಾಣ್ತೈತೆ. ನನ್ನ ಉಡದಾರನೂ ಜಗ್ಗೈತೆ, ಹಂಗಂತ ನನ್ನ ಹೊಟ್ಟೆ ಕರಗೈತೆ ಅಂತೀರೇನು?" ಎಂದರು.

"ಹೊಟ್ಟೆ ಕರಗಿಲ್ಲ ಅನ್ನೋದು ಎಲ್ರಿಗೂ ಕಾಣ್ತೈತೆ ಬಿಡಿ ಯಜಮಾನ್ರೇ" ಎಂದು ಈರಭದ್ರಜ್ಜ ಮೂಲೆಯಿಂದ ಹೇಳಿದರು. ಕೈ ಊರದೆ ಆಡಿದ ಮಾತಾದ್ದರಿಂದ ಅದು ಲೆಕ್ಕಕ್ಕಿಲ್ಲ, ಆದರೆ ಜನ ನಕ್ಕರು.

ಪಾಲಾಕ್ಷಯ್ಯನವರದು ಬೇರೆ ವಾದ. "ಲೋಕಕ್ಕೇ ಜ್ವರ ಬಂದೈತೆ. ಸಮುದ್ರದಾಚೆ ಬೆಟ್ಟದಂಥ ಮಂಜುಗಡ್ಡೆಗಳೇ ಕರಗ್ತಿದಾವಂತೆ, ಪೇಪರ್‌ನಾಗೆ ಬಂದೈತೆ. ಅಲ್ಲಿ ನಮ್ಮ ಭಟ್ಟಿ ಐತಾ? ನಮ್ಮ ಗೂಡು ಐತಾ? ಇದು ನಮ್ಮ ಕೈ ಮೀರಿದ್ದು" ಎಂದು ಹೇಳಿ, ಕೈ ತೆಗೆದು ಕಂಕುಳಲ್ಲಿಟ್ಟುಕೊಂಡರು.

ಶಾಲೆಯ ಸುನಂದಮ್ಮ ಟೀಚರ್ ಎದ್ದು, "ಕರಗೋದು ಯಾಕೆ ಅಂತ ನೂರು ಜನ ಬಿಸಿ ಕೈ ಇಟ್ಟು ಮಾತಾಡಿದ್ರೆ ಕರಗದೆ ಏನಾಗುತ್ತೆ? ನಮ್ಮ ಸಭೆಗಳೇ ಕಾರಣ. ಇಷ್ಟು ಹೇಳೋಕೆ ನನ್ನ ಗುರುತಿನ ಕಿರುಬೆರಳು ಹೋಯಿತು ನೋಡಿ" ಎಂದರು. ಅದು ನಿಜವೇ. ಸುತ್ತೆಲ್ಲ ಕೈ ಆಕಾರದ ಹೊಂಡಗಳು ಬಿದ್ದಿದ್ದವು. ಆದರೆ ಮೂವತ್ತು ವರ್ಷದ ನೂಲು ಒಂದು ವರ್ಷದ ಮಾತಿಗೆ ಗಿಡ್ಡವಾಗಲಾರದು.

ಕೊನೆಗೆ ಎಲ್ಲರೂ ಕೂಡಿ ಒಂದು ಪರೀಕ್ಷೆಗೆ ಒಪ್ಪಿದರು. ಊರಿನ ಎಂಟು ಮಂಡಕ್ಕಿ ಭಟ್ಟಿಗಳು, ಮೂರು ಇಟ್ಟಿಗೆ ಗೂಡುಗಳು ಹದಿನೈದು ದಿನ ಬೆಂಕಿ ಕಾಣಬಾರದು. ಅಷ್ಟರಲ್ಲಿ ತಣ್ಣಜ್ಜಿಯ ಬುಡದಲ್ಲಿ ನೀರು ತೊಟ್ಟಿಕ್ಕುವುದು ಕಡಿಮೆಯಾದರೆ ತಪ್ಪು ನಮ್ಮದು. ಆಗದಿದ್ದರೆ ಈ ಮಾತನ್ನು ಮತ್ತೆ ಯಾರೂ ಎತ್ತಬಾರದು, ಗುರುಶಾಂತಪ್ಪನವರು ಕೇಳುತ್ತಿರುವ ನಾಲ್ಕನೇ ಗೂಡಿಗೂ ಒಪ್ಪಿಗೆ ಕೊಡಬೇಕು.

ಹದಿನೈದು ದಿನ ನಾವು ಕೈಕಟ್ಟಿ ಕೂತೆವು. ನನ್ನ ಪಕ್ಕದ ಭಟ್ಟಿಯ ಹುಸೇನ್‌ಬಿ ನನಗಿಂತ ಎರಡು ವರ್ಷ ದೊಡ್ಡವಳು, ಇದೇ ಊರಲ್ಲಿ ಹುಟ್ಟಿ ಇದೇ ಊರಲ್ಲಿ ಮದುವೆಯಾದವಳು. ನಾನು ಹೊಸ ಸೊಸೆಯಾಗಿ ಬಂದಾಗ ಬಾಣಲೆಯ ಮರಳನ್ನು ಹೇಗೆ ಕದಡಬೇಕೆಂದು ಕಲಿಸಿದ್ದೇ ಅವಳು. ಆ ದಿನಗಳಲ್ಲಿ ಸುಮ್ಮನೆ ಕೂರಲಾರದೆ ಇಬ್ಬರೂ ಜರಡಿಗಳನ್ನು ಬಿಚ್ಚಿ ಹೊಲಿದೆವು.

ಹದಿನಾರನೇ ದಿನ ಈರಭದ್ರಜ್ಜ ಬುಡದಲ್ಲಿಟ್ಟಿದ್ದ ಕೊಡವನ್ನು ಎತ್ತಿ ತೋರಿಸಿದರು. ಎಂದಿನಷ್ಟೇ ನೀರು. ಒಂದು ತಂಬಿಗೆಯೂ ಕಡಿಮೆಯಿಲ್ಲ.

ಭಟ್ಟಿಯವರೆಲ್ಲ ಹಿಗ್ಗಿದರು. ನಮ್ಮ ಮೇಲಿನ ಅಪವಾದ ಹೋಯಿತು. ಸೋಮವಾರದ ಸಭೆಯಲ್ಲಿ ಅದನ್ನು ಗಟ್ಟಿ ಮಾಡಿಬಿಟ್ಟರೆ ಮಂಗಳವಾರ ಒಲೆ ಹೊತ್ತಿಸಬಹುದು. ನಾನೂ ಸಂತೋಷಪಡಬೇಕಿತ್ತು. ಮನೆಗೆ ಬಂದು ಭಟ್ಟಿಯ ಮುಂದೆ ಕೂತೆ. ಬೆಂಕಿಯಿಲ್ಲದ ಬಾಣಲೆಯಲ್ಲಿ ಮರಳು ತಣ್ಣಗೆ ಬಿದ್ದಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನಗೆ ಕಸಿವಿಸಿ ಶುರುವಾಯಿತು.

ಮಂಡಕ್ಕಿ ಹುರಿಯುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಒಲೆ ಆರಿಸಿದ ಮೇಲೂ ಮರಳಿನಲ್ಲಿ ಅಕ್ಕಿ ಅರಳುತ್ತದೆ. ಜ್ವಾಲೆ ಇಲ್ಲ, ಹೊಗೆ ಇಲ್ಲ, ಆದರೂ ಪಟಪಟ ಎನ್ನುತ್ತಲೇ ಇರುತ್ತದೆ. ಬೆಂಕಿ ಆರಿದೆ ಎಂದು ಮರಳಿಗೆ ಕೈ ಹಾಕಿದವರ ಕಥೆ ಏನಾಗುತ್ತದೆ ಅನ್ನುವುದನ್ನು ನನ್ನ ಬಲಗೈಯ ಮಣಿಕಟ್ಟಿನ ಕಲೆ ಇವತ್ತಿಗೂ ಹೇಳುತ್ತದೆ.

ಹುಸೇನ್‌ಬಿಗೆ ಹೇಳಿದೆ. ಅವಳು ಜರಡಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹಾಲವ್ವ, ಇದನ್ನ ಸಭೇಲಿ ಹೇಳಿದ್ರೆ ನಮ್ಮ ಕಥೆ ಏನಾಗ್ತದೆ ಗೊತ್ತಾ? ಎಂಟು ಮನೆ ಕಣೆ. ಗುರುಶಾಂತಪ್ಪ ಇಟ್ಟಿಗೆ ಬಿಟ್ಟು ಬ್ಯಾರೆ ಏನಾದ್ರೂ ಮಾಡ್ತಾನೆ. ನಾವೇನು ಮಾಡೋಣ?"

"ಅದಕ್ಕೂ ಒಂದು ದಾರಿ ಹೊಳೆದೈತೆ ಅಕ್ಕ."

"ದಾರಿ ಇರ್ಲಿ. ನೀನು ಎಲ್ಲಿ ಕೈ ಇಟ್ಟು ಹೇಳ್ತೀ?"

ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಹೊನ್ನಿಯ ಕೈಯನ್ನು ಒತ್ತಿಸುವಾಗ ಮಗುವನ್ನು ಹಿಡಿದುಕೊಂಡಿದ್ದವಳೇ ಅವಳು.

"ನಂಗೆ ಹೇಳಿಕೊಡು, ನಾನೇ ಹೇಳ್ತೀನಿ" ಎಂದಳು.

"ಹೇಳೋದರಾಗೆ ಮೈಲಾರಪ್ಪನ ಮಾತೂ ಐತೆ. ಅದನ್ನ ನಾನೇ ಹೇಳ್ಬೇಕು" ಎಂದೆ.

ಸೋಮವಾರ ಕಲ್ಲುಮನೆ ಕಿಕ್ಕಿರಿದಿತ್ತು. ಗುರುಶಾಂತಪ್ಪನವರು ಬಿಲದೊಳಗೆ ತೋಳು ತೂರಿಸಿ, "ಪರೀಕ್ಷೆ ಆಯ್ತು, ಸತ್ಯ ತಿಳೀತು. ಎದುರು ಮಾತಾಡೋರು ಇದ್ರೆ ಈಗಲೇ ಮಾತಾಡ್ಲಿ" ಎಂದರು. ನಾನು ಬಡಗಣ ಮಗ್ಗುಲಿಗೆ ನಡೆದೆ. ಜನ ದಾರಿ ಬಿಟ್ಟರು. ಮಸಿ ಒರೆಸಲು ಬಂದೆ ಅಂದುಕೊಂಡಿರಬೇಕು.

ಹೊನ್ನಿಯ ಗುರುತಿನ ಮುಂದೆ ನಿಂತೆ. ನನ್ನ ಮೂರು ಬೆರಳು ಇಟ್ಟರೆ ಪೂರಾ ಮುಚ್ಚಿಹೋಗುವಷ್ಟು ಚಿಕ್ಕ ಕೈ. ಹೆಬ್ಬೆರಳು ಸ್ವಲ್ಪ ಸೊಟ್ಟ, ಒತ್ತಿಸುವಾಗ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ಒಮ್ಮೆ ಚೆನ್ನಾಗಿ ನೋಡಿಕೊಂಡೆ. ಆಮೇಲೆ ಅದರ ಮೇಲೆ ಅಂಗೈ ಊರಿದೆ.

ಚಳಿ ಮೊದಲು ಮೂಳೆಗೆ ಹತ್ತಿತು. ಅಂಗೈ ಕೆಳಗೆ ಐದು ಪುಟ್ಟ ಗುಳಿಗಳು ಸ್ಪಷ್ಟವಾಗಿ ತಿಳಿಯುತ್ತಿದ್ದವು.

"ನಾನು ಓದಿದವಳಲ್ಲ" ಎಂದೆ. "ನಂಗೆ ಗೊತ್ತಿರೋದು ಮರಳು ಒಂದೇ. ಒಲೆ ಆರಿದ ಮೇಲೂ ಮರಳಿನಾಗೆ ಅಕ್ಕಿ ಅರಳ್ತೈತೆ. ಇಲ್ಲಿ ಭಟ್ಟಿಯವರು ಎಂಟು ಮನೆಯೋರು ಅದೀರಿ, ಸುಳ್ಳಾದ್ರೆ ಸುಳ್ಳು ಅನ್ನಿ. ಅರ್ಧ ದಿನ ಕಾಸಿದ ಮರಳು ಆರೋಕೆ ಅರ್ಧ ದಿನ ಬೇಕು. ಈ ಊರಿನ ನೆಲ, ಗೋಡೆ, ಚಪ್ಪಡಿ ಮೂವತ್ತು ವರ್ಷ ಕಾದೈತೆ. ಹದಿನೈದು ದಿನ ಒಲೆ ಆರಿಸಿ, ಕೊಡದಾಗೆ ನೀರು ಕಡಿಮೆಯಾಗ್ಲಿಲ್ಲ ಅಂದ್ರೆ ಒಲೇದು ತಪ್ಪಿಲ್ಲ ಅಂತಲ್ಲ. ಮರಳು ಇನ್ನೂ ಆರಿಲ್ಲ ಅಂತ."

ಭಟ್ಟಿಯವರ ಗುಂಪಿನಲ್ಲಿ ಗುಸುಗುಸು ಎದ್ದಿತು. ಸುಳ್ಳು ಎಂದು ಯಾರೂ ಅನ್ನಲಿಲ್ಲ. ಮಣಿಕಟ್ಟಿನಿಂದ ನೀರು ಇಳಿದು ರವಿಕೆಯ ತೋಳೊಳಗೆ ಹರಿಯತೊಡಗಿತು. ಅಂಗೈ ಕೆಳಗಿನ ಕಿರುಬೆರಳಿನ ಗುಳಿ ನನಗೆ ತಿಳಿಯದಾಯಿತು.

"ಮೂವತ್ತು ವರ್ಷ ಯಾಕೆ ಅಂತ ಕೇಳ್ತೀರಿ. ನಾನು ಮದುವೆಯಾಗಿ ಬಂದ ವರ್ಷದ ನೂಲೇ ಮೊದಲ ಗಿಡ್ಡ ನೂಲು. ನಾನು ಕೆಟ್ಟ ಕಾಲುಗುಣದವಳು ಅಂತ ಆಗ ಯಾರೋ ಅಂದಿದ್ರು." ಕೆಲವರು ತಲೆ ತಗ್ಗಿಸಿದರು. "ಕಾಲುಗುಣ ಅಲ್ಲ. ಆ ವರ್ಷ ನನ್ನ ಗಂಡ ಪೇಟೆಯಿಂದ ಒಂದು ಲಾರಿ ಹಳೇ ಟೈರು ತಂದ. ಭತ್ತದ ಹೊಟ್ಟಿಗಿಂತ ಜೋರಾಗಿ ಉರೀತಾವೆ ಅಂತ. ಈ ಊರಾಗೆ ಟೈರು ಸುಟ್ಟ ಮೊದಲ ಭಟ್ಟಿ ನಂದು. ನಮ್ಮನ್ನ ನೋಡಿ ಉಳಿದ ಏಳು ಮನೆಯೋರು ಸುಟ್ರು, ಅವರನ್ನ ನೋಡಿ ಗೂಡಿನೋರು ಸುಟ್ರು. ಈರಭದ್ರಜ್ಜ ದಿನಾ ಬೆಳಿಗ್ಗೆ ಒರೆಸೋದು ಅದೇ ಮಸಿ. ಮೈಲಾರಪ್ಪ ಕೆಟ್ಟೋನಲ್ಲ. ಗೊತ್ತಿರ್ಲಿಲ್ಲ ಅಷ್ಟೆ. ನಂಗೆ ಈಗ ಗೊತ್ತಾಗೈತೆ."

"ಹಂಗಾದ್ರೆ ಲೋಕದ್ದೇನವ್ವ? ಲೋಕದ ಮಂಜೂ ನಿನ್ನ ಗಂಡನ ಟೈರಿಗೆ ಕರಗ್ತೈತಾ?" ಎಂದರು ಪಾಲಾಕ್ಷಯ್ಯನವರು. ಅವರೂ ಕೈ ಊರಿರಲಿಲ್ಲ, ಆದರೂ ನಾನು ಉತ್ತರ ಕೊಟ್ಟೆ.

"ಲೋಕದ ಮಾತು ಸುಳ್ಳಲ್ಲ ಸ್ವಾಮಿ. ಆದ್ರೆ ಲೋಕದಾಗೆ ಇರೋರೂ ನಮ್ಮಂಥೋರೇ ಅಲ್ವಾ. ಅಲ್ಲೂ ಯಾರೋ ಒಬ್ಬ ಮೊದಲ ಟೈರು ತಂದಿರ್ತಾನೆ, ಅವನನ್ನ ನೋಡಿ ಉಳಿದೋರು ತಂದಿರ್ತಾರೆ. ಅವರ ಒಲೆ ಆರ್ಸೋಕೆ ನನ್ನ ಕೈ ಎಟುಕಲ್ಲ. ನನ್ನ ಒಲೆಗೆ ಎಟುಕ್ತೈತೆ."

ಬೆರಳುಗಳಲ್ಲಿ ಸ್ಪರ್ಶ ಉಳಿದಿರಲಿಲ್ಲ. ಹೊನ್ನಿಯ ಸೊಟ್ಟ ಹೆಬ್ಬೆರಳೊಂದನ್ನು ಇನ್ನೂ ಹುಡುಕುತ್ತಿದ್ದೆ. ಸಿಗುತ್ತಿತ್ತೋ, ಸಿಕ್ಕಿದ ಹಾಗೆ ಅನ್ನಿಸುತ್ತಿತ್ತೋ ತಿಳಿಯದು. ಅಷ್ಟಕ್ಕೇ ಕೈ ತೆಗೆದುಬಿಡಬಹುದಿತ್ತು. ಆದರೆ ಮುಖ್ಯವಾದದ್ದು ಬಾಕಿಯಿತ್ತು.

"ಭಟ್ಟಿ ಮುಚ್ಚಿ ಉಪವಾಸ ಬೀಳಿ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಮಧ್ಯಾಹ್ನಕ್ಕೆ ಹುರಿಯೋದು ಮುಗೀತೈತೆ. ಕಾದ ಮರಳನ್ನ ಹಂಗೇ ಬಿಟ್ಟು ಎದ್ದು ಹೋಗ್ತೀವಿ. ಅದೇ ಮರಳಿನಾಗೆ ಇನ್ನೊಂದು ಮನೆಯೋರು ಹುರೀಲಿ. ಎಂಟು ಒಲೆ ಬ್ಯಾಡ, ನಾಕು ಸಾಕು. ಬೆಳಿಗ್ಗೆ ಒಬ್ರು, ಮಧ್ಯಾಹ್ನ ಒಬ್ರು. ಬರೀ ಹೊಟ್ಟು ಸಾಕಾಗ್ತೈತೆ, ಟೈರು ಬೇಕಾಗಲ್ಲ. ಗೂಡಿನೋರೂ ಮೂರು ಗೂಡನ್ನ ಮೂರು ದಿಕ್ಕಿಗೆ ಉರಿಸೋ ಬದ್ಲು ಒಂದರ ಬೆನ್ನಿಗೆ ಒಂದು ಕಟ್ಟಿಕೊಳ್ಲಿ, ಒಂದರ ಕಾವು ಇನ್ನೊಂದಕ್ಕಾಗ್ಲಿ. ನನ್ನ ಒಲೆ ನಾಳೆಯಿಂದ ಹೊತ್ತಲ್ಲ. ಯಾರಾದ್ರೂ ಮರಳು ಕೊಟ್ರೆ ಹುರೀತೀನಿ. ಕೊಡದಿದ್ರೆ ಇಲ್ಲ. ಇಷ್ಟೇ ನಾನು ಹೇಳೋದು."

ಕೈ ತೆಗೆದೆ. ಗುರುತಿನ ಕಡೆ ನೋಡಲಿಲ್ಲ.

ಹಿಂದಿನಿಂದ ಹುಸೇನ್‌ಬಿಯ ಗಾಜಿನ ಬಳೆಗಳ ಸದ್ದಾಯಿತು. ಅವಳು ಆಚೆ ಮಗ್ಗುಲಿಗೆ ಹೋಗಿ ತನ್ನ ಗುರುತಿನ ಮೇಲೆ ಕೈ ಊರಿ ಒಂದೇ ಮಾತು ಹೇಳಿದಳು. "ಮಧ್ಯಾಹ್ನದ ಮೇಲೆ ನನ್ನ ಭಟ್ಟಿ ಮರಳು ಹಾಲವ್ವಂಗೆ." ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಅವಳ ಗುರುತಿಗೆ ಏನೂ ಆಗಲಿಲ್ಲ, ಮಾತು ಅಷ್ಟು ಚಿಕ್ಕದಿತ್ತು.

ಆ ದಿನ ನಾಲ್ಕನೇ ಗೂಡಿಗೆ ಒಪ್ಪಿಗೆ ಸಿಗಲಿಲ್ಲ. ಭಟ್ಟಿಯವರಲ್ಲಿ ಮೂರು ಮನೆಯವರು ನನ್ನೊಂದಿಗೆ ಎಷ್ಟೋ ದಿನ ಮಾತು ಬಿಟ್ಟರು. ಆದರೆ ಹುಸೇನ್‌ಬಿಯ ಮರಳಿನಲ್ಲಿ ನಾವಿಬ್ಬರೂ ಹುರಿಯುವುದನ್ನು ನೋಡಿ, ಇಬ್ಬರ ಮನೆಯಲ್ಲೂ ಹೊಟ್ಟು ಮಿಗುವುದನ್ನು ನೋಡಿ, ಒಂದೊಂದೇ ಜೋಡಿ ಕೂಡಿಕೊಂಡವು. ಗುರುಶಾಂತಪ್ಪನವರು ಗೂಡುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಲು ಎರಡು ವರ್ಷ ತೆಗೆದುಕೊಂಡರು. ಅದು ತಮ್ಮದೇ ಯೋಚನೆ ಎಂದು ಹೇಳಿಕೊಂಡು ತಿರುಗಿದರು. ನಾನು ಹೂಂ ಅಂದೆ. ಯೋಚನೆಗೆ ಯಾರ ಹೆಸರಿದ್ದರೇನು.

ಸಭೆಯ ದಿನ ಮನೆಗೆ ಹೋದಾಗ ರವಿಕೆಯ ತೋಳು ಮೊಣಕೈವರೆಗೆ ತೊಯ್ದಿತ್ತು. ಬಿಚ್ಚಿ ಹಿಂಡಲು ಮನಸ್ಸಾಗಲಿಲ್ಲ, ಹಾಗೇ ಕೂತೆ. ನಮ್ಮೂರಿನ ಸೆಕೆಗೆ ಸ್ವಲ್ಪ ಹೊತ್ತಿನಲ್ಲೇ ಒಣಗಿಹೋಯಿತು.

ಮುಂದಿನ ಯುಗಾದಿಗೆ ನೂಲು ಮತ್ತೆ ಒಂದು ಗೇಣು, ಅಂದರೆ ಹನ್ನೆರಡು ಬೆರಳು, ಗಿಡ್ಡವಾಯಿತು. ಗುರುಶಾಂತಪ್ಪನವರು ನನ್ನ ಕಡೆ ನೋಡಿ ಮೀಸೆ ತಿರುವಿದರು. "ಮರಳು ಯಜಮಾನ್ರೇ" ಎಂದೆ. ಅದರ ಮುಂದಿನ ವರ್ಷ ಹತ್ತು ಬೆರಳು. ಈ ವರ್ಷ ಏಳು. ಮಳೆ ಚೆನ್ನಾಗಿ ಬಿತ್ತು, ಅದಕ್ಕೇ ಕಡಿಮೆ ಕರಗಿತು ಎಂದು ಪಾಲಾಕ್ಷಯ್ಯನವರು ಹೇಳುತ್ತಾರೆ. ಹೇಳಲಿ. ಕರಗುವುದು ನಿಂತಿಲ್ಲ, ಆ ಮಾತು ನನಗೂ ಗೊತ್ತು. ಈರಭದ್ರಜ್ಜನ ಬಟ್ಟೆ ಮಾತ್ರ ಈಗ ಬೂದು ಬಣ್ಣಕ್ಕೆ ಬಂದಿದೆ.

ಹೋದ ವಾರ ಹುಸೇನ್‌ಬಿಯ ಮೊಮ್ಮಗಳಿಗೆ ಮೂರು ತಿಂಗಳು ತುಂಬಿತು. ಮಗುವನ್ನು ಕರೆದುಕೊಂಡು ಎಲ್ಲರೂ ಕಲ್ಲುಮನೆಗೆ ಹೋದೆವು. ತಣ್ಣಜ್ಜಿಯ ಮೈ ಚಿಕ್ಕದಾಗಿದೆ, ಹೊಸ ಗುರುತಿಗೆ ಜಾಗ ಸಿಗುವುದು ಕಷ್ಟ. ಈರಭದ್ರಜ್ಜ ಸುತ್ತಾಡಿ ನೋಡಿ ಬಡಗಣ ಮಗ್ಗುಲಲ್ಲಿ ನಿಂತರು. ಸಭೆಯಲ್ಲಿ ಮಾತಾಡಿದ ದಿನದಿಂದ ನಾನು ಆ ಕಡೆ ಹೋಗಿರಲಿಲ್ಲ.

"ಇಲ್ಲೊಂದು ದೊಡ್ಡ ಕೈ ಐತೆ" ಎಂದರು. "ಹಾಲವ್ವಂದು. ಇದರ ನಡುವೆ ಜಾಗ ಐತೆ. ಏನವ್ವ, ಒತ್ತಿಸಬಹುದಾ?"

ಆಗ ನೋಡಿದೆ. ಹೊನ್ನಿಯ ಗುರುತು ಇರಲಿಲ್ಲ. ಅದಿದ್ದಲ್ಲಿ ನನ್ನ ಅಂಗೈ ಇತ್ತು, ಐದೂ ಬೆರಳು ಬಿಡಿಬಿಡಿಯಾಗಿ, ಮಣಿಕಟ್ಟಿನವರೆಗೆ. ಈ ಊರಿನಲ್ಲಿ ಇಷ್ಟು ವರ್ಷಕ್ಕೆ ನನ್ನದೊಂದು ಗುರುತು. ಹುಸೇನ್‌ಬಿ ಮಗುವನ್ನು ಸುಮ್ಮನೆ ನನ್ನ ಕೈಗೆ ಕೊಟ್ಟಳು.

ನಾನೇ ಒತ್ತಿಸಿದೆ. ನನ್ನ ಅಂಗೈ ಗುರುತಿನ ನಡುವೆ ಮಗುವಿನ ಕೈ ಸರಿಯಾಗಿ ಕೂತಿತು. ಮಗು ಚಿಟ್ಟನೆ ಚೀರಿ ಕೈ ಹಿಂದಕ್ಕೆ ಎಳೆದುಕೊಂಡಿತು. ಕೆಂಪಾಗಿ, ತಣ್ಣಗೆ, ಒದ್ದೆಯಾಗಿದ್ದ ಆ ಕೈಯನ್ನು ನನ್ನ ಎರಡೂ ಅಂಗೈಗಳ ನಡುವೆ ಮುಚ್ಚಿ ಹಿಡಿದುಕೊಂಡೆ. ಅಳು ಬೇಗ ನಿಂತಿತು. ಆಗಷ್ಟೇ ಹುರಿಯುವುದು ಮುಗಿಸಿ ಬಂದಿದ್ದೆ, ಮರಳಿನ ಕಾವು ಇನ್ನೂ ನನ್ನ ಕೈಯಲ್ಲಿತ್ತು.